ಹತ್ತಿಕಾಳು ಮರಳಿ ಬಾರದ ಹೊಲ

ಹತ್ತಿಯ ಅರಳೆಯಲ್ಲಿ ಸಾರಜನಕ ಇಲ್ಲವೆಂದರೂ ನಡೆಯುತ್ತದೆ, ಅಷ್ಟು ಕಡಿಮೆ. ಅದು ಬರೀ ನಾರು. ಗಾಳಿ, ನೀರು, ಬಿಸಿಲಿನಿಂದ ಗಿಡ ಕಟ್ಟಿಕೊಂಡದ್ದು. ಒಂದು ಕ್ವಿಂಟಲ್ ಹತ್ತಿಯನ್ನು ಜಿನ್ನಿಗೆ ಹಾಕಿದರೆ ಸುಮಾರು 34 ಕಿಲೋ ಅರಳೆ ಸಿಗುತ್ತದೆ, ಉಳಿದ 66 ಕಿಲೋ ಹತ್ತಿಕಾಳು. ಹೊಲದ ಮಣ್ಣಿನಿಂದ ಗಿಡ ಎತ್ತಿದ ಸಾರಜನಕ ಕೂತಿರುವುದು ಈ ಕಾಳಿನಲ್ಲಿ, ಎರಡು ಕಿಲೋದ ಆಸುಪಾಸು. ನರಗುಂದ ಸೀಮೆಯ ಹಳೆಯ ಒಕ್ಕಲುತನದಲ್ಲಿ ಈ ಕಾಳಿನ ಬಹುಪಾಲು ಊರಿನಲ್ಲೇ ಉಳಿಯುತ್ತಿತ್ತು. ರಾತ್ರಿ ನೆನೆಯಿಟ್ಟ ಹತ್ತಿಕಾಳನ್ನು ರುಬ್ಬಿ ಎತ್ತಿಗೆ, ಹಿಂಡುವ ಎಮ್ಮೆಗೆ ಇಡುತ್ತಿದ್ದರು. ಸಗಣಿ, ಗಂಜಲ ತಿಪ್ಪೆಗೆ, ತಿಪ್ಪೆಗೊಬ್ಬರ ಬೇಸಿಗೆಯಲ್ಲಿ ಚಕ್ಕಡಿ ಹತ್ತಿ ಹೊಲಕ್ಕೆ. ಅರಳೆ ಕುಮಟಾ ಬಂದರಿಗೋ ಹುಬ್ಬಳ್ಳಿ ಪೇಟೆಗೋ ಹೋಗಿ ಅಲ್ಲಿಂದ ದೇಶಾಂತರ ಸೇರಿತು. ಹೊಲದ ಸಾರ ಮಾತ್ರ ಎತ್ತಿನ ಹೊಟ್ಟೆಯ ದಾರಿ ಹಿಡಿದು ಹೊಲಕ್ಕೇ ಬಂತು.

ಇವತ್ತು ಕಾಳೂ ಅರಳೆಯ ಜೊತೆಗೇ ಲಾರಿ ಹತ್ತುತ್ತದೆ. ಎಣ್ಣೆ ಗಿರಣಿ ಎಲ್ಲೋ, ಹಿಂಡಿ ತಿನ್ನುವ ದನ ಇನ್ನೆಲ್ಲೋ. ಆ ದನದ ಸಗಣಿ ಯಾವ ಊರಿನ ತಿಪ್ಪೆ ಸೇರುತ್ತದೆಂದು ಹತ್ತಿ ಬೆಳೆದವರಿಗೆ ಗೊತ್ತಿಲ್ಲ. ಬದಲಿಗೆ ಹೊಲಕ್ಕೆ ಬರುವುದು ₹266.50ರ ಯೂರಿಯಾ ಚೀಲ. 45 ಕಿಲೋದ ಆ ಚೀಲದಲ್ಲಿ ಸಾರಜನಕ 20 ಕಿಲೋಗಿಂತ ತುಸು ಹೆಚ್ಚು. ಲೆಕ್ಕದಲ್ಲಿ ನೋಡಿದರೆ ಹೋದದ್ದಕ್ಕಿಂತ ಬಂದದ್ದೇ ಜಾಸ್ತಿ. ಆದರೂ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾರಜನಕದ ಮುಂದೆ ಮತ್ತೆ ಮತ್ತೆ ಬರುವುದು ‘ಕಡಿಮೆ’ ಎಂಬ ಒಂದೇ ಮಾತು. ಹಾಕಿದ್ದು ಎಲ್ಲಿ ಹೋಯಿತು? ಗೊಬ್ಬರದ ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ನೆಲವನ್ನು ನಾವು ಹೇಗೆ ಬಳಸುತ್ತೇವೆ, ಅದರ ಮೇಲೆ ಏನು ಬೆಳೆಯುತ್ತೇವೆ, ಯಾವ ನೀರು ಹಾಯಿಸುತ್ತೇವೆ, ಯಾವ ದನ ಕುರಿ ಅದರ ಮೇಲೆ ಓಡಾಡುತ್ತವೆ ಎಂಬುದರಲ್ಲಿ ಉತ್ತರ ಇದೆ.

ಅದನ್ನು ನೋಡಲು ಕೊಣ್ಣೂರಿಗಿಂತ ಒಳ್ಳೆಯ ಜಾಗ ಕಡಿಮೆ. ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವ ಹೆದ್ದಾರಿ ನರಗುಂದ ದಾಟಿ ಮಲಪ್ರಭೆಯನ್ನು ಸೇರುವಲ್ಲಿ ಈ ಊರಿದೆ. ಹೊಳೆಯ ಆಚೆ ಗೋವನಕೊಪ್ಪ, ಬಾದಾಮಿ ತಾಲ್ಲೂಕು. ಈಚೆ ಗದಗ ಜಿಲ್ಲೆಯ ನರಗುಂದ ತಾಲ್ಲೂಕು. ಹೊಳೆದಂಡೆಗೆ ಪೇರಲ ತೋಟ. ಕೊಣ್ಣೂರ ಪೇರಲ ಅಂದರೆ ಈ ದಾರಿಯಲ್ಲಿ ಓಡಾಡುವ ಬಸ್ಸಿನವರಿಗೆಲ್ಲ ಗೊತ್ತು. ದಂಡೆ ಬಿಟ್ಟು ಮೇಲೆ ಬಂದರೆ ಕಣ್ಣು ಹಾಯುವವರೆಗೂ ಎರಿ, ಅಂದರೆ ಕಪ್ಪುಮಣ್ಣಿನ ಹೊಲ. ಅದರಲ್ಲಿ ಕೆಲವಕ್ಕೆ ಕಾಲುವೆ ನೀರು ಹಾಯುತ್ತದೆ, ಕೆಲವು ಕಾಲುವೆಯ ಕೊನೆಯಂಚಿನವಾಗಿ ಮಳೆಯನ್ನೇ ನಂಬಿ ಕೂತಿವೆ. ನಡುನಡುವೆ ಕರಕಿ ಹಬ್ಬಿದ ಬದು, ಬದುವಿನ ಮೇಲೊಂದು ಬನ್ನಿ, ಒಂದು ಕರಿಜಾಲಿ. ಕೂಗಳತೆಯ ದೂರದಲ್ಲೇ ನೆಲದ ಬಳಕೆ ಇಷ್ಟು ಬಗೆಯಾಗಿ ಬದಲಾಗುತ್ತದೆ. ಪ್ರತಿಯೊಂದರ ಕೆಳಗೂ ಸಾರಜನಕದ ನಡೆ ಬೇರೆ.

ಈ ನೆಲದ ಉಳುಮೆ ನಿನ್ನೆ ಮೊನ್ನೆಯದಲ್ಲ. ಕೊಣ್ಣೂರಿನ ಪರಮೇಶ್ವರ ಗುಡಿಯ ಶಾಸನ ರಾಷ್ಟ್ರಕೂಟರ ಅಮೋಘವರ್ಷನ ಕಾಲದ ದಾನವನ್ನು ಹೇಳುತ್ತದೆ, ಕ್ರಿ.ಶ. 860ರದ್ದು. ಕೊಳನೂರಿನಲ್ಲಿ, ಅಂದರೆ ಇದೇ ಊರಿನಲ್ಲಿ, ಅಮೋಘವರ್ಷನ ಸಾಮಂತ ಬಂಕೆಯ ಕಟ್ಟಿಸಿದ ಜಿನಾಲಯಕ್ಕೆ ತಲೆಯೂರು ಎಂಬ ಹಳ್ಳಿಯನ್ನೂ ಬೇರೆ ಊರುಗಳಲ್ಲಿ ಭೂಮಿಯನ್ನೂ ಕೊಟ್ಟ ದಾಖಲೆ ಅದು. ಮೂಲ ತಾಮ್ರಶಾಸನವನ್ನು ಮುಂದಿನ ಕಾಲದಲ್ಲಿ ಕಲ್ಲಿಗೆ ಇಳಿಸಿದ್ದೆಂದು ಅದೇ ಹೇಳಿಕೊಳ್ಳುತ್ತದೆ. ಗುಡಿಗೆ ಹೊಲ ಬಿಟ್ಟರು ಎಂದರೆ ಆ ಹೊಲ ವರ್ಷವರ್ಷವೂ ಬೆಳೆ ಕೊಡುತ್ತದೆಂಬ ಭರವಸೆ ಇತ್ತು. ಸಾವಿರ ವರ್ಷಕ್ಕೂ ಮೇಲೆ ಈ ಸೀಮೆ ರಾಸಾಯನಿಕ ಗೊಬ್ಬರದ ಒಂದು ಚಿಟಿಕೆ ಸಾರಜನಕವನ್ನೂ ಕೊಳ್ಳದೆ ಜೋಳ ಬೆಳೆಯಿತು. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಲು ಎರಿ ಮಣ್ಣಿನ ಗುಣವನ್ನು ತಿಳಿಯಬೇಕು.

ಬಿರುಕು ಬಿಟ್ಟ ನೆಲ, ಮೊದಲ ಮಳೆ

ಬೇಸಿಗೆಯಲ್ಲಿ ಎರಿ ಹೊಲ ನೋಡಿದವರಿಗೆ ಆ ಬಿರುಕುಗಳು ಗೊತ್ತು. ಮೊಳಕೈವರೆಗೆ ಕೈ ಇಳಿಯುತ್ತದೆ. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಜೇಡಿ ಈ ಮಣ್ಣಿನ ಜೀವಾಳ. ಸುಣ್ಣದ ಹರಳು ಬೆರೆತಿರುವುದರಿಂದ ಕ್ಷಾರದ ಗುಣ ಹೆಚ್ಚು. ರಸಸಾರ ಸಾಮಾನ್ಯವಾಗಿ 8ರ ಮೇಲೆ. ಸಾವಯವ ಇಂಗಾಲ ಹಲವು ಹೊಲಗಳಲ್ಲಿ ಶೇ 0.5ರ ಆಚೀಚೆ. ಕಪ್ಪಾಗಿದೆ, ಆದ್ದರಿಂದ ಸಾರವತ್ತಾಗಿದೆ ಎಂದು ಹೊರಗಿನವರು ತಿಳಿಯುತ್ತಾರೆ. ಕಪ್ಪು ಬಣ್ಣಕ್ಕೂ ಸಾರಕ್ಕೂ ಸಂಬಂಧ ಅಷ್ಟಕ್ಕಷ್ಟೆ.

ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಇಂಗಾಲ ಶೇ 0.5 ಇದ್ದರೆ ಅದರ ಹತ್ತನೇ ಒಂದರಷ್ಟು ಸಾರಜನಕ. ಅಂದರೆ ಎಕರೆಗೆ ಹೆಚ್ಚುಕಡಿಮೆ 450 ಕಿಲೋ. ಇಪ್ಪತ್ತಕ್ಕೂ ಹೆಚ್ಚು ಚೀಲ ಯೂರಿಯಾದಷ್ಟು ಸಾರ ಕಾಲಡಿಯಲ್ಲೇ ಇದೆ! ಆದರೆ ಅದು ಕೊಳೆತ ಬೇರು, ಸತ್ತ ಜೀವಾಣು, ಸಗಣಿಯ ಉಳಿಕೆಗಳ ಒಡಲಲ್ಲಿ ಬಂದಿಯಾಗಿದೆ. ವರ್ಷಕ್ಕೆ ಶೇ 2ರಷ್ಟು ಬಿಡುಗಡೆಯಾದರೆ ದೊಡ್ಡದು. ನರಗುಂದದ ಮನೆಗಳ ಕೆಳಗಿನ ಹಗೇವುಗಳಲ್ಲಿ ಜೋಳ ತುಂಬಿಟ್ಟು ಬರಗಾಲಕ್ಕೆ ಸ್ವಲ್ಪ ಸ್ವಲ್ಪವೇ ತೆಗೆಯುತ್ತಿದ್ದ ಹಾಗೆ ಮಣ್ಣಿನ ಜೀವಾಣುಗಳು ಈ ಸಂಗ್ರಹವನ್ನು ಅಳೆದು ಕೊಡುತ್ತವೆ. ತೆಗೆದಷ್ಟು ಮತ್ತೆ ತುಂಬಬೇಕು ಎಂಬುದು ಹಗೇವಿನ ನಿಯಮ, ಹೊಲದ ನಿಯಮವೂ ಅದೇ.

ರೋಹಿಣಿಯಲ್ಲೋ ಮೃಗಶಿರದಲ್ಲೋ ಮೊದಲ ಒಳ್ಳೆಯ ಮಳೆ ಬಿದ್ದಾಗ ಈ ಅಳತೆ ಒಮ್ಮೆಗೇ ಏರುತ್ತದೆ. ಒಣಗಿ ಸುಟ್ಟ ಮಣ್ಣು ನೆನೆದ ಕೂಡಲೇ ಉಳಿದ ಜೀವಾಣುಗಳು ಸತ್ತವುಗಳನ್ನು ತಿಂದು ವಿಪರೀತ ಬೆಳೆಯುತ್ತವೆ. ಕೆಲವೇ ದಿನಗಳಲ್ಲಿ ಅಮೋನಿಯಂ, ಅದರ ಹಿಂದೆಯೇ ನೈಟ್ರೇಟ್ ಮಣ್ಣಿಗೆ ಬಿಡುಗಡೆಯಾಗುತ್ತವೆ. ಪೂರ್ವ ಆಫ್ರಿಕಾದಲ್ಲಿ ಎಚ್. ಎಫ್. ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ವಿವರವಾಗಿ ಬರೆದರು, ಮಣ್ಣುವಿಜ್ಞಾನದಲ್ಲಿ ಇದಕ್ಕೆ ಅವರದೇ ಹೆಸರು ನಿಂತಿದೆ. ನಮ್ಮ ಒಕ್ಕಲಿಗರು ಅದನ್ನು ಬರೆದಿಡಲಿಲ್ಲ, ಬಳಸಿಕೊಂಡರು. ಮೊದಲ ಮಳೆಗೆ ಕುಂಟಿ ಹೊಡೆದು, ಹದ ನೋಡಿ ಹೆಸರು ಬಿತ್ತುತ್ತಿದ್ದರು. ಅರವತ್ತು–ಎಪ್ಪತ್ತು ದಿನದಲ್ಲಿ ಹೆಸರು ಕೈಗೆ ಬರುತ್ತದೆ. ಅದನ್ನು ತೆಗೆದು ಹರಗಿ, ಉತ್ತರಿ, ಹಸ್ತದ ಹದಕ್ಕೆ ಹಿಂಗಾರಿ ಜೋಳವೋ ಕಡಲೆಯೋ ಕುಸುಬೆಯೋ. ಮಳೆ ತಪ್ಪಿದ ವರ್ಷ ಮುಂಗಾರಿಗೆ ಹೊಲ ಖಾಲಿ ಬಿಟ್ಟು ಹರಗುತ್ತ ಕಾಯುತ್ತಿದ್ದರು. ಹರಗಿದಾಗಲೆಲ್ಲ ಕಸ ಸಾಯುತ್ತದೆ, ಬಿರುಕು ಮುಚ್ಚುತ್ತದೆ, ಮಣ್ಣಿಗೆ ಗಾಳಿ ಆಡುತ್ತದೆ, ಗಾಳಿ ಆಡಿದಲ್ಲಿ ನೈಟ್ರೇಟ್ ಕೂಡುತ್ತದೆ.

ಇದರ ನಡುವೆ ಕುರಿ. ಸುಗ್ಗಿ ಮುಗಿದ ಮೇಲೆ ರೋಣ, ಗಜೇಂದ್ರಗಡ, ಕೊಪ್ಪಳದ ಕಡೆಯ ಕುರುಬರ ಹಿಂಡುಗಳು ಹೊಲ ಹೊಲ ತಿರುಗುತ್ತ ಬರುತ್ತಿದ್ದವು, ಈಗಲೂ ಬರುತ್ತವೆ. ರಾತ್ರಿ ಹೊಲದಲ್ಲಿ ಕುರಿ ತರುಬಿಸಿದರೆ ಕುರಿಯವರಿಗೆ ಕಾಳೋ ರೊಕ್ಕವೋ. ಇದರಲ್ಲಿರುವ ಜಾಣ್ಮೆ ನನಗೆ ಬಹಳ ದೊಡ್ಡದೆನಿಸುತ್ತದೆ. ಪ್ರಾಣಿ ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು ಉಚ್ಚೆಯಲ್ಲಿರುತ್ತದೆ. ತಿಪ್ಪೆಗೆ ಹೋಗುವ ಹೊತ್ತಿಗೆ ಅದರ ಬಹುಭಾಗ ಗಾಳಿಗೆ ಹಾರಿರುತ್ತದೆ. ಬಿಸಿಲಿಗೆ ತೆರೆದಿಟ್ಟ ತಿಪ್ಪೆ ಇನ್ನಷ್ಟು ಕಳೆದುಕೊಳ್ಳುತ್ತದೆ. ಸಗಣಿಯನ್ನು ಕುಳ್ಳು ತಟ್ಟಿ ಒಲೆಗೆ ಹಾಕಿದರಂತೂ ಸಾರಜನಕ ಪೂರ್ತಿ ಹೊಗೆ, ಬೂದಿಯಲ್ಲಿ ರಂಜಕ, ಪೊಟ್ಯಾಷ್ ಮಾತ್ರ ಉಳಿಯುತ್ತವೆ. ಕುರಿ ತರುಬಿಸಿದ ಹೊಲದಲ್ಲಿ ಉಚ್ಚೆ ನೇರ ಮಣ್ಣಿಗೆ ಇಳಿಯುತ್ತದೆ. ದೂರದ ಗುಡ್ಡ, ಹಳ್ಳದ ದಂಡೆ, ಗಾಯರಾಣದ (ಊರ ಗೋಮಾಳದ) ಹುಲ್ಲಿನಲ್ಲಿದ್ದ ಸಾರವನ್ನು ಕುರಿ ಹೊಟ್ಟೆಯಲ್ಲಿ ಹೊತ್ತು ತಂದು ಹೊಲದ ಮೇಲೆ ಸುರಿಯುತ್ತದೆ. ಹೊಲ ನೂರಾರು ವರ್ಷ ಬಾಳಿದ್ದಕ್ಕೆ ಹೊಲವಲ್ಲದ ನೆಲವೂ ಕಾರಣ. ಗಾಯರಾಣವನ್ನು ಉಳುಮೆಗೆ ತೆಗೆದುಕೊಂಡಾಗ ಕಳೆದುಕೊಂಡದ್ದು ಬರೀ ಮೇವಲ್ಲ.

ಕಡಲೆಯ ಮಾತು ಬಂದರೆ ಗಿಡ ಕಿತ್ತು ನೋಡಬೇಕು. ಬಿತ್ತಿದ ನಲವತ್ತು ದಿನದ ಗಿಡವನ್ನು ಸಲಿಕೆಯಿಂದ ಮಣ್ಣುಸಮೇತ ಎಬ್ಬಿಸಿ, ಬಕೆಟ್ ನೀರಿನಲ್ಲಿ ಮೆಲ್ಲಗೆ ಅದ್ದಿ ತೊಳೆದರೆ ಬೇರಿನ ಮೇಲೆ ಗಂಟುಗಳು ಕಾಣುತ್ತವೆ, ಕೆಲವು ಒಂಟಿ, ಕೆಲವು ಗೊಂಚಲು. ಉಗುರಿನಿಂದ ಒಂದನ್ನು ಸೀಳಿ. ಒಳಗೆ ಮಾಂಸದ ಹಾಗೆ ನಸುಗೆಂಪು ಇದ್ದರೆ ಅದು ಕೆಲಸ ಮಾಡುತ್ತಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟನಾದ ಒಂದು ವಸ್ತು ಅಲ್ಲಿ ಆಮ್ಲಜನಕವನ್ನು ಹಿಡಿತದಲ್ಲಿಟ್ಟು, ಜೀವಾಣುಗಳು ಗಾಳಿಯ ಸಾರಜನಕವನ್ನು ಗಿಡದ ಆಹಾರವಾಗಿ ಮಾರ್ಪಡಿಸಲು ಅನುವು ಮಾಡಿಕೊಡುತ್ತದೆ. ಹಸಿರಾಗಿದ್ದರೆ ಆಟ ಮುಗಿದಿದೆ, ಬಿಳಿಯಾಗಿದ್ದರೆ ಶುರುವಾಗಿಯೇ ಇಲ್ಲ. ಬಿತ್ತುವಾಗ ಯೂರಿಯಾ ಹೆಚ್ಚಾಗಿ ಬಿದ್ದ ಹೊಲದಲ್ಲಿ ಗಂಟು ಎಣಿಸಲು ಹೋದರೆ ನಿರಾಸೆ ಕಾದಿರುತ್ತದೆ. ಮಣ್ಣಿನಲ್ಲೇ ನೈಟ್ರೇಟ್ ಸಿಗುವಾಗ ಗಿಡ ಜೀವಾಣುಗಳನ್ನು ಸಾಕುವ ಖರ್ಚಿಗೆ ಇಳಿಯುವುದಿಲ್ಲ.

ಹಾಗೆಂದು ಕಡಲೆ ಬಿತ್ತಿದ ಮಾತ್ರಕ್ಕೆ ಹೊಲ ತುಂಬಿತು ಎಂದು ಹೇಳುವುದೂ ತಪ್ಪೇ. ಎಕರೆಗೆ ಆರು ಕ್ವಿಂಟಲ್ ಕಡಲೆ ಬಂದರೆ ಕಾಳಿನಲ್ಲೇ ಸುಮಾರು 20 ಕಿಲೋ ಸಾರಜನಕ ಮಾರುಕಟ್ಟೆಗೆ ಹೋಗುತ್ತದೆ. ಗಿಡ ಗಾಳಿಯಿಂದ ತಂದದ್ದು ಅದನ್ನು ಸರಿದೂಗಿಸಬಹುದು, ಅದಕ್ಕಿಂತ ಬಹಳ ಮಿಗುವುದು ಅಪರೂಪ. ಬೇರು, ಉದುರಿದ ಎಲೆ ಹೊಲದಲ್ಲೇ ಉಳಿದು, ಹೊಟ್ಟು ದನಕ್ಕೆ ಹೋಗಿ, ಸಗಣಿ ಮರಳಿದರೆ ಮಾತ್ರ ಮಣ್ಣಿಗೆ ಲಾಭ. ಕಡಲೆ ಕೊಡುವ ದೊಡ್ಡ ಉಪಕಾರ ಬೇರೆ: ತನ್ನ ಊಟವನ್ನು ತಾನೇ ಹೊಂದಿಸಿಕೊಂಡು ಮುಂದಿನ ಜೋಳಕ್ಕೆ ಮಣ್ಣಿನ ಪಾಲನ್ನು ಮುಟ್ಟದೆ ಬಿಡುವುದು.

ಕಾಲುವೆ ಬಂದ ಮೇಲೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ, 1970ರ ದಶಕದಲ್ಲಿ, ನರಗುಂದ, ನವಲಗುಂದದ ಎರಿ ಹೊಲಕ್ಕೆ ಕಾಲುವೆ ನೀರು ಬಂತು. ಅದೇ ಹೊತ್ತಿಗೆ ಧಾರವಾಡದಲ್ಲಿ ಡಾ. ಬಿ. ಎಚ್. ಕಟಾರ್ಕಿ ಅವರು ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂದಿತ್ತು, 1972ರಲ್ಲಿ. ಉದ್ದ ಎಳೆ, ಒಳ್ಳೆಯ ಬೆಲೆ. ಮಳೆ ನಂಬಿ ಬೆಳೆಯುತ್ತಿದ್ದ ಜಯಧರದಂಥ ನಾಡಹತ್ತಿಗೆ ಗೊಬ್ಬರದ ಹಸಿವು ಕಡಿಮೆ ಇತ್ತು. ಹೈಬ್ರಿಡ್‌ಗೆ ನೀರು, ಯೂರಿಯಾ, ಔಷಧಿ ಮೂರೂ ಬೇಕು. ನೀರು, ಬೀಜ, ಗೊಬ್ಬರ ಒಟ್ಟಿಗೇ ಬಂದಾಗ ಹೆಸರು–ಜೋಳ–ಕಡಲೆಯ ಸರದಿ ಹಿಂದೆ ಸರಿಯಿತು.

ಮುಂದಿನದು ಕರ್ನಾಟಕದ ಇತಿಹಾಸ. ಹತ್ತಿಯ ಬೆಲೆ ಬಿತ್ತು. ನೀರು ನಿಂತ ಹೊಲಗಳು ಜವಳಾದವು. ಸರಕಾರ ಮಾತ್ರ ಅಭಿವೃದ್ಧಿ ಕರ, ನೀರಿನ ಕರಗಳ ವಸೂಲಿಗೆ ಇಳಿಯಿತು. 1980ರ ಜುಲೈ 21ರಂದು ನರಗುಂದದಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಗೋಲಿಬಾರಿಗೆ ಬಲಿಯಾದರು. ರಾಜ್ಯದ ರೈತ ಚಳವಳಿ ಅಲ್ಲಿಂದ ಹೊಸ ರೂಪ ಪಡೆಯಿತು. ಪ್ರತಿ ಜುಲೈ 21ಕ್ಕೆ ಹುತಾತ್ಮರನ್ನು ನೆನೆಯುವಾಗ ಕರ, ಬೆಲೆ, ನೀರು ಇವುಗಳ ಮಾತು ಬರುತ್ತದೆ, ಬರಲೇಬೇಕು. ಆ ಸಿಟ್ಟಿನ ತಳದಲ್ಲಿ ಮಣ್ಣಿನ ಒಂದು ಸತ್ಯವೂ ಇತ್ತು. ಎರಿ ನೆಲಕ್ಕೆ ಬಸಿಗಾಲುವೆ ಮಾಡದೆ ನೀರು ಕೊಟ್ಟರೆ ಅದು ಉಸಿರು ಕಟ್ಟುತ್ತದೆ ಎಂಬ ಸತ್ಯ.

ಉಸಿರು ಕಟ್ಟಿದಾಗ ಸಾರಜನಕಕ್ಕೆ ಏನಾಗುತ್ತದೆ? ಜೇಡಿ ಉಬ್ಬಿ ರಂಧ್ರಗಳೆಲ್ಲ ಮುಚ್ಚಿದ ಮೇಲೆ ಮಣ್ಣಿನೊಳಗಿನ ಆಮ್ಲಜನಕ ಕೆಲವೇ ಹೊತ್ತಿನಲ್ಲಿ ಮುಗಿಯುತ್ತದೆ. ಆಗ ಕೆಲವು ಜೀವಾಣುಗಳು ಆಮ್ಲಜನಕದ ಬದಲಿಗೆ ನೈಟ್ರೇಟನ್ನೇ ಉಸಿರಾಡುತ್ತವೆ. ಅದು ಸಾರಜನಕ ಅನಿಲವಾಗಿ, ಅರ್ಧಂಬರ್ಧ ನಡೆದರೆ ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಈ ಎರಡನೆಯದು ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುವಂಥದ್ದು, ನೂರು ವರ್ಷದ ಲೆಕ್ಕದಲ್ಲಿ. ಗೋವಿನಜೋಳಕ್ಕೆ ಯೂರಿಯಾ ಒಗೆದು ಮರುದಿನ ತುಂಬ ನೀರು ಬಿಟ್ಟ ಹೊಲದಲ್ಲಿ ಬೆಳೆ ಹಳದಿ ತಿರುಗುವುದನ್ನು ರೈತರು ನೋಡಿದ್ದಾರೆ. ಗೊಬ್ಬರ ಸಾಲಲಿಲ್ಲವೆಂದು ಮತ್ತೊಂದು ಚೀಲ ಬೀಳುತ್ತದೆ. ಮೊದಲ ಚೀಲ ಗಾಳಿಯಾಗಿ ಹೋಯಿತು ಎಂದು ಹೇಳುವವರು ಅಂಗಡಿಯಲ್ಲಿ ಯಾರೂ ಇರುವುದಿಲ್ಲ.

ನೀರು ಕೊಡದೆ ಮೇಲೇ ಬಿಟ್ಟರೂ ಕಷ್ಟ. ಕ್ಷಾರ ಮಣ್ಣಿನ ಮೇಲೆ ಬಿದ್ದ ಯೂರಿಯಾ ತುಸು ತೇವ ಕಂಡರೆ ಸಾಕು, ಅಮೋನಿಯಾ ಆಗಿ ಹಾರತೊಡಗುತ್ತದೆ. ಬಿಸಿಲು, ಗಾಳಿ ಇದ್ದ ದಿನ ಹಾಕಿದ್ದರಲ್ಲಿ ಕಾಲುಭಾಗ ಹೀಗೆ ಹೋದರೆ ಅಚ್ಚರಿಯಿಲ್ಲ. 2015ರಿಂದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪನ ಕಡ್ಡಾಯವಾಗಿದೆ. ಅಮೋನಿಯಂ ಬೇಗನೆ ನೈಟ್ರೇಟಾಗಿ ಬದಲಾಗುವುದನ್ನು ಅದು ತಡೆಹಿಡಿಯುತ್ತದೆ, ಮೇಲಿಂದ ಹಾರಿಹೋಗುವುದಕ್ಕೆ ಅದರಲ್ಲಿ ಮದ್ದಿಲ್ಲ. ಕೂರಿಗೆಯ ಹಿಂದೆ ಮಣ್ಣಿನೊಳಗೆ ಬೀಳುವಂತೆ ಹಾಕುವುದೇ ಅದಕ್ಕೆ ಮದ್ದು. ಆಳು ಸಿಗದ ಊರಿನಲ್ಲಿ ಒಗೆಯುವುದು ಸುಲಭ ಅನ್ನುವುದೂ ನಿಜ.

ಉಳಿದ ದಾರಿ ಕೆಳಗಿನದು. ಜೇಡಿ ಕಣಗಳ ಮೇಲೆ ಋಣ ವಿದ್ಯುತ್ತಿದೆ, ಆದ್ದರಿಂದ ಅಮೋನಿಯಂ ಅವಕ್ಕೆ ಅಂಟಿ ನಿಲ್ಲುತ್ತದೆ. ನೈಟ್ರೇಟ್ ಅಂಟುವುದಿಲ್ಲ. ಒಣಗಿ ಬಿರುಕು ಬಿಟ್ಟ ಹೊಲಕ್ಕೆ ಗೊಬ್ಬರದ ಹಿಂದೆಯೇ ನೀರು ಬಿಟ್ಟರೆ ಆ ನೀರು ಬಿರುಕಿನಲ್ಲಿ ನೇರ ಬೇರಿನ ಕೆಳಕ್ಕೆ ಇಳಿಯುತ್ತದೆ, ಜೊತೆಗೆ ನೈಟ್ರೇಟೂ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳ ಹತ್ತಿರಹತ್ತಿರ ಅರ್ಧ ಈ ಮಿತಿಯನ್ನು ದಾಟಿದ್ದವು, ದೇಶದಲ್ಲಿ ರಾಜಸ್ಥಾನದ ನಂತರದ ಸ್ಥಾನ ನಮ್ಮದು. ಎಲ್ಲಕ್ಕೂ ಯೂರಿಯಾವೇ ಹೊಣೆಯಲ್ಲ; ಊರ ಚರಂಡಿ, ಶೌಚದ ಗುಂಡಿ, ಕೊಟ್ಟಿಗೆಗಳ ಪಾಲೂ ಇದೆ. ಆದರೆ ಹೊಲದಿಂದ ಇಳಿದದ್ದನ್ನು ಲೆಕ್ಕದಿಂದ ಬಿಡಲಾಗದು.

ನೀರು ಈ ಸೀಮೆಯ ತಳವನ್ನು ಹೇಗೆ ಬದಲಿಸಿದೆ ಎಂಬುದಕ್ಕೆ ನರಗುಂದ ಪಟ್ಟಣದಲ್ಲಿ ಎಲ್ಲರಿಗೂ ಕಾಣುವ ಸಾಕ್ಷಿಯಿದೆ. ಕೆಲವು ಓಣಿಗಳಲ್ಲಿ ಅಂತರ್ಜಲ ಮೇಲೆದ್ದು ಮನೆಯೊಳಗೆ ನೀರು ಜಿನುಗುತ್ತದೆ, ಹಳೆಯ ಹಗೇವುಗಳಿದ್ದ ಕಡೆ ನೆಲ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಒಣನೆಲವನ್ನು ನಂಬಿ ಜೋಳ ಇಡಲು ತೋಡಿದ ಹಗೇವುಗಳು ಅವು. ಮನೆಯ ಕೆಳಗೆ ನೀರು ಇಷ್ಟು ಮೇಲೆ ಬಂದಿದ್ದರೆ ಹೊಲದ ಬೇರಿನ ಕೆಳಗೆ ಏನಾಗಿರಬೇಡ?

ಹತ್ತಿಯ ಆಳ್ವಿಕೆಯ ಮೇಲೆ ಈಗ ಗೋವಿನಜೋಳ ಬಂದಿದೆ. ಹೆಸರಿಗೆ, ಕಡಲೆಗೆ ಹೆಕ್ಟೇರಿಗೆ 10ರಿಂದ 25 ಕಿಲೋ ಸಾರಜನಕ ಸಾಕು. ಗೋವಿನಜೋಳಕ್ಕೆ 100ರಿಂದ 150 ಕಿಲೋ ಬೇಕು. 2025ರ ಮುಂಗಾರಿನಲ್ಲಿ ಗದಗ, ಕೊಪ್ಪಳ ಸೇರಿ ಹಲವು ಜಿಲ್ಲೆಗಳಲ್ಲಿ ಯೂರಿಯಾಕ್ಕೆ ನಸುಕಿನಿಂದ ಸಾಲು ನಿಂತದ್ದು ನೆನಪಿರಬಹುದು. ಪೂರೈಕೆ ಕಡಿಮೆಯಾಯಿತು, ಮಳೆ ಬೇಗ ಬಂತು ಎಂಬ ಕಾರಣಗಳ ಜೊತೆಗೆ ಗೋವಿನಜೋಳದ ಕ್ಷೇತ್ರ ಹೆಚ್ಚಿದೆ ಎಂದೂ ಸರಕಾರವೇ ಹೇಳಿತು. ಬೆಳೆ ಬದಲಾದಾಗ ಗೊಬ್ಬರದ ಸಾಲಿನ ಉದ್ದವೂ ಬದಲಾಗುತ್ತದೆ. ಸಾಲಿನಲ್ಲಿ ನಿಂತವರನ್ನು ಬೈದು ಪ್ರಯೋಜನವಿಲ್ಲ. ಹೆಸರಿಗೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಯಿಯಲ್ಲೇ ಮೊಳಕೆ. ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣ ಹಿಡುವಳಿದಾರ ದಲ್ಲಾಳಿಗೆ ಮಾರಿ ಮುಗಿಸಿರುತ್ತಾನೆ. ಗೋವಿನಜೋಳ ಹಾಗಲ್ಲ, ಕೈಬಿಡುವುದು ಕಡಿಮೆ.

ಪೇರಲ ತೋಟ, ಹೊಳೆ, ಬದು

ಹೊಳೆದಂಡೆಯ ಪೇರಲದ ಕೆಳಗೆ ಕಥೆ ಬೇರೆಯೇ. ವರ್ಷವಿಡೀ ಬೇರು ಜೀವಂತ ಇರುವ ನೆಲ ಅದು. ಎಲೆ ಉದುರಿ ಅಲ್ಲೇ ಕೊಳೆಯುತ್ತದೆ, ಉಳುಮೆ ಕಡಿಮೆ, ಮೊದಲ ಮಳೆಗೆ ಬಿಡುಗಡೆಯಾಗುವ ನೈಟ್ರೇಟನ್ನು ಹಿಡಿದುಕೊಳ್ಳಲು ಕಾದು ಕೂತ ಬೇರುಗಳಿವೆ. ಎರಿ ಹೊಲದಲ್ಲಿ ಬಿತ್ತಿದ ಬೀಜ ಮೊಳೆತು ಬೇರು ಬಿಡುವಷ್ಟರಲ್ಲಿ ಆ ಸಾರದ ಒಂದು ಪಾಲು ಕೈತಪ್ಪಿರುತ್ತದೆ. ತೂಕಕ್ಕೆ ತೂಕ ನೋಡಿದರೆ ಹಣ್ಣಿನಲ್ಲಿ ಹೊರಹೋಗುವ ಸಾರಜನಕವೂ ಕಾಳಿಗಿಂತ ಅತಿ ಕಡಿಮೆ, ಪೇರಲ ಬಹುಪಾಲು ನೀರು ಮತ್ತು ಸಕ್ಕರೆ. ಹೊಳೆದಂಡೆಯಲ್ಲಿ ಮರ ಇದ್ದರೆ ಮೇಲಿನ ಹೊಲಗಳಿಂದ ಬಸಿದು ಬರುವ ನೈಟ್ರೇಟನ್ನೂ ಹೊಳೆ ಸೇರುವ ಮೊದಲೇ ಅದು ಒಂದಷ್ಟು ಹೀರುತ್ತದೆ. ಆದರೆ ಹೊಳೆ ಸುಮ್ಮನಿರುವುದಿಲ್ಲ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ, ಕೊಣ್ಣೂರಿನ ಸೇತುವೆ ಬಳಿ ಹೆದ್ದಾರಿಯೇ ಮುಳುಗಿ ಸಂಚಾರ ನಿಂತಿತು, ಪೇರಲ ತೋಟಗಳು ದಿನಗಟ್ಟಲೆ ನೀರಲ್ಲಿ ನಿಂತವು. ಬೇರು ಉಸಿರುಗಟ್ಟಿದ ತೋಟದಲ್ಲಿ ಮರವೂ ಸೊರಗುತ್ತದೆ, ಮಣ್ಣಿನ ನೈಟ್ರೇಟೂ ಅನಿಲವಾಗಿ ಹೋಗುತ್ತದೆ. ಹೊಳೆಯ ಪಾತ್ರವನ್ನು ಒತ್ತುವರಿ ಮಾಡಿ ಕಿರಿದು ಮಾಡಿದ ಮೇಲೆ ನೆರೆ ಇನ್ನೂ ಎತ್ತರಕ್ಕೆ ಬರುತ್ತದೆ. ಹೊಳೆದಂಡೆಗೆ ಏನು ಬೆಳೆಯಬೇಕು ಎಂಬ ಪ್ರಶ್ನೆಗೆ ಮರ ಎಂದು ನಾನು ಉತ್ತರಿಸುತ್ತೇನೆ, ಆದರೆ ಹೊಳೆಗೆ ಅದರ ಅಗಲವನ್ನು ಬಿಟ್ಟುಕೊಟ್ಟ ಮೇಲೆ.

ನೆಲವನ್ನು ಉಳದೆ ಬಿಟ್ಟರೆ ಏನಾಗುತ್ತದೆಂದು ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ನೋಡಿದ್ದಾರೆ. ಅಲ್ಲಿನ ಬ್ರಾಡ್‌ಬಾಕ್ ಹೊಲದಲ್ಲಿ 1843ರಿಂದ ಗೋಧಿಯ ಪ್ರಯೋಗ ನಡೆದಿದೆ. 1882ರಲ್ಲಿ ಅದರ ಒಂದು ತುದಿಯ ಗೋಧಿಯನ್ನು ಕೊಯ್ಯದೆ ಹಾಗೇ ಬಿಟ್ಟರು. ಗೋಧಿ ಕೆಲವೇ ವರ್ಷದಲ್ಲಿ ಅಳಿದು, ಕಸ, ಪೊದೆ, ಆಮೇಲೆ ಕಾಡು ಬಂತು. ಮಣ್ಣಿನ ಇಂಗಾಲ, ಸಾರಜನಕ ಎರಡೂ ದಶಕದಿಂದ ದಶಕಕ್ಕೆ ಏರಿದವು. ಇದರ ತಿರುವುಮುರುವು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಡೆಯಿತು. ಅಲ್ಲಿಯೂ ನಮ್ಮಂಥದೇ ಕಪ್ಪು ಜೇಡಿ. ಕಾಡು, ಹುಲ್ಲುಗಾವಲು ತೆಗೆದು ಧಾನ್ಯ ಬೆಳೆಯುತ್ತ ಹೋದ ಹೊಲಗಳನ್ನು ಮಣ್ಣುವಿಜ್ಞಾನಿಗಳಾದ ಡಲಾಲ್ ಮತ್ತು ಮೇಯರ್ 1986ರಲ್ಲಿ ಅಳೆದು ತೋರಿಸಿದರು: ಉಳುಮೆಯ ವರ್ಷಗಳು ಕೂಡಿದಂತೆ ಸಾರಜನಕ ಕರಗುತ್ತ ಹೋಗಿತ್ತು. ನಮ್ಮ ಬದುಗಳು ಸಣ್ಣ ಪ್ರಮಾಣದ ಬ್ರಾಡ್‌ಬಾಕ್ ಕಾಡೇ. ಬನ್ನಿ, ಕರಿಜಾಲಿ ಎರಡೂ ದ್ವಿದಳ ಕುಲದವು. ಟ್ರ್ಯಾಕ್ಟರ್ ತಿರುಗಲು ಬದು ಕೆಡವಿದವರು ಎರಡು ಸಾಲು ಬೆಳೆ ಹೆಚ್ಚಿಸಿಕೊಂಡು ಹೊಲದ ಒಂದು ಸಾರದ ಮೂಲವನ್ನು ಕಳೆದುಕೊಂಡರು.

ಹಿಂದಿನದಕ್ಕೇ ಮರಳಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ವಾದಿಸುತ್ತಿಲ್ಲ. ಹೈದರಾಬಾದ್ ಬಳಿಯ ಪಟಂಚೆರುವಿನಲ್ಲಿ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1976ರಿಂದ ಕಪ್ಪುಮಣ್ಣಿನಲ್ಲಿ ಎರಡು ಪದ್ಧತಿಗಳನ್ನು ಅಕ್ಕಪಕ್ಕ ನಡೆಸಿತು. ಒಂದು, ಮಳೆಗಾಲದಲ್ಲಿ ಹೊಲ ಖಾಲಿ ಬಿಟ್ಟು ಹಿಂಗಾರಿಗೆ ಜೋಳ ಅಥವಾ ಕಡಲೆ, ತಿಪ್ಪೆಗೊಬ್ಬರ ಮಾತ್ರ. ಇನ್ನೊಂದು, ನೀರು ನಿಲ್ಲದಂತೆ ಏರುಮಡಿ ಮಾಡಿ, ಮಳೆಗಾಲದಲ್ಲೇ ಜೋಳದ ಜೊತೆ ತೊಗರಿಯ ಅಕ್ಕಡಿ, ಹಿತಮಿತ ರಾಸಾಯನಿಕ ಗೊಬ್ಬರ. ಮೊದಲನೆಯದು ಹೆಕ್ಟೇರಿಗೆ ಸರಾಸರಿ ಒಂದು ಟನ್ನಿನ ಸುತ್ತ ನಿಂತರೆ ಎರಡನೆಯದು ಐದು ಟನ್ನಿನ ಹತ್ತಿರ ಬಂತು. ಅದಕ್ಕಿಂತ ಮುಖ್ಯವಾದದ್ದು, ಎರಡನೆಯದರ ಮಣ್ಣಿನಲ್ಲಿ ಇಂಗಾಲ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 330 ಕಿಲೋದಷ್ಟು ಹೆಚ್ಚಾಗಿ ಕೂಡಿತು, ಸಾರಜನಕವೂ ಹೆಚ್ಚಿತು. ಹೆಚ್ಚು ತೆಗೆದ ಹೊಲವೇ ಹೆಚ್ಚು ತುಂಬಿಕೊಂಡಿತು! ಆಳಕ್ಕೆ ಇಳಿಯುವ ತೊಗರಿಯ ಬೇರು, ಅದರ ಉದುರೆಲೆ, ಮಳೆಗಾಲದಲ್ಲಿ ಹೊಲವನ್ನು ಮುಚ್ಚಿದ ಹಸಿರು, ನಿಲ್ಲದ ನೀರು, ಇವೆಲ್ಲ ಸೇರಿ ಆದ ಕೆಲಸ ಅದು. ಅದರಲ್ಲಿ ಯೂರಿಯಾಕ್ಕೂ ಒಂದು ಜಾಗ ಇತ್ತು, ಇಡೀ ಜಾಗ ಇರಲಿಲ್ಲ.

ತಿಪ್ಪೆಯ ಸಾರಜನಕ ಉಳಿಸುವ ದಾರಿಯೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ ಕಾಂಪೋಸ್ಟ್ ವಿಧಾನಕ್ಕೆ ಇಂದಿಗೂ ಬೆಂಗಳೂರು ಪದ್ಧತಿ ಎಂದೇ ಹೆಸರು. ಕಸ, ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚುವುದು ಅದರ ಸಾರ. ಮುಚ್ಚಿದ್ದೇ ಸಾರಜನಕ ಉಳಿಯಲು ಕಾರಣ. ಎಂಬತ್ತಕ್ಕೂ ಹೆಚ್ಚು ವರ್ಷ ಕಳೆದರೂ ಉತ್ತರ ಕರ್ನಾಟಕದ ತಿಪ್ಪೆಗಳು ಬಿಸಿಲಿಗೆ ಬಾಯಿ ತೆರೆದೇ ಇವೆ. ಅವನ್ನು ಮುಚ್ಚಲು ಸಬ್ಸಿಡಿ ಬೇಕಿಲ್ಲ, ಯಂತ್ರ ಬೇಕಿಲ್ಲ, ಮೇಲೆ ಅರ್ಧ ಅಡಿ ಮಣ್ಣು ಸಾಕು.

ಮಣ್ಣು ಆರೋಗ್ಯ ಕಾರ್ಡು 2015ರಲ್ಲಿ ಬಂತು. ಹನ್ನೆರಡು ಅಂಶಗಳ ಪಟ್ಟಿಯಲ್ಲಿ ಸಾರಜನಕವೂ ಇದೆ: ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆ ಇದ್ದರೆ ‘ಕಡಿಮೆ’. ಒಂದು ದಿನ ತೆಗೆದ ಒಂದು ಮುಷ್ಟಿ ಮಣ್ಣಿನ ಮಾತು ಅದು. ಹಿಂದಿನ ಮೂರು ವರ್ಷ ಅಲ್ಲಿ ಏನು ಬೆಳೆದಿತ್ತು, ದ್ವಿದಳ ಬಂದು ಎಷ್ಟು ವರ್ಷವಾಯಿತು, ಕುರಿ ತರುಬಿಸಿದ್ದರೋ, ಮಳೆಗಾಲದಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ, ಬದು ಇದೆಯೋ ಇಲ್ಲವೋ ಎಂಬುದು ಕಾರ್ಡಿನಲ್ಲಿ ಇರುವುದಿಲ್ಲ. ಆದ್ದರಿಂದ ಸಲಹೆಯೂ ಚೀಲದ ಲೆಕ್ಕದಲ್ಲೇ ಬರುತ್ತದೆ. ಗೋವಿನಜೋಳದ ಹಿಂದೆ ಗೋವಿನಜೋಳ ಬೆಳೆದ ಹೊಲಕ್ಕೂ ಹೆಸರು ತೆಗೆದ ಹೊಲಕ್ಕೂ ಒಂದೇ ಶಿಫಾರಸು ಹೋಗಬಾರದು.

ಕೊಣ್ಣೂರ ಸುತ್ತಮುತ್ತ ಪೇರಲ ತೋಟ, ಕಾಲುವೆ ಹೊಲ, ಕಾಲುವೆಯ ಕೊನೆಯಂಚಿನ ಒಣ ಎರಿ, ಮರವಿರುವ ಹಳೆಯ ಬದು, ನಾಲ್ಕೂ ಒಂದೇ ಮಳೆಯ ಕೆಳಗಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇಲ್ಲಿಂದ ಎರಡು ತಾಸಿನ ದಾರಿ. ಈ ನಾಲ್ಕು ಕಡೆ ಪ್ರತಿ ವರ್ಷ ಮೊದಲ ಮಳೆಗೆ ಮೊದಲೊಮ್ಮೆ, ಹೆಸರು ತೆಗೆದ ಮೇಲೊಮ್ಮೆ, ಹಿಂಗಾರಿ ಸುಗ್ಗಿಯ ಮೇಲೊಮ್ಮೆ, ಮೂರು ಅಡಿ ಆಳದವರೆಗೆ ನೈಟ್ರೇಟ್ ಅಳೆದು, ಹತ್ತಿರದ ಬಾವಿಯ ನೀರನ್ನೂ ಅಳೆದು, ಅಂಕಿಗಳನ್ನು ಪಂಚಾಯಿತಿ ಕಟ್ಟೆಯ ಹಲಗೆಯ ಮೇಲೆ ಬರೆಸಬೇಕು. ಹತ್ತು ವರ್ಷ ಬಿಡದೆ ಮಾಡಬೇಕು. ಯಾವ ಹೊಲ ಸಾರವನ್ನು ಹಿಡಿದಿಟ್ಟಿದೆ, ಯಾವುದು ಗಾಳಿಗೂ ಬಾವಿಗೂ ಬಿಟ್ಟುಕೊಡುತ್ತಿದೆ ಎಂದು ಗೊತ್ತಾದ ಮೇಲೆ ಹೆಸರಿಗೆ, ತೊಗರಿಗೆ, ಬದುವಿನ ಮರಕ್ಕೆ ಬೆಂಬಲ ಬೆಲೆಯ ಜೊತೆ ಇನ್ನೇನು ಕೊಡಬೇಕೆಂದು ಸರಕಾರವನ್ನು ಕೇಳಲು ರೈತರ ಕೈಯಲ್ಲಿ ತಮ್ಮದೇ ಹೊಲದ ಲೆಕ್ಕ ಇರುತ್ತದೆ.